ತೋಳ ಮೇಲೆ ನನ್ನದೇ ಹೆಸರು

ಗೆಳೆಯರೇ, ಹೆಣ್ಣಿನ ತೋಳ ಮೇಲೆ ಗಂಡನ ಹೆಸರಿದ್ದರೆ ಭಕ್ತಿ, ಅವಳದೇ ಹೆಸರಿದ್ದರೆ ಸೊಕ್ಕು ಎನ್ನುವುದು ಅನ್ಯಾಯ. ಇವತ್ತು ಬೆಳಿಗ್ಗೆ ಅದು ಕಣಕಟ್ಟೆಯ ನಮ್ಮ ಹಿತ್ತಿಲಲ್ಲೇ ನಡೆಯಿತು.

ಹೋದ ವಾರ ಅರಸೀಕೆರೆಯಲ್ಲಿ ನನ್ನ ಹೆಸರನ್ನೇ ಹಚ್ಚೆ ಹಾಕಿಸಿಕೊಂಡಿದ್ದೆ. ಈಗ ಹಕ್ಕಳೆ ಕಟ್ಟಿ ವಿಪರೀತ ತುರಿಸುತ್ತಿದೆ. ಅದು ತಾನಾಗಿ ಉದುರಬೇಕು, ಕಿತ್ತರೆ ಬಣ್ಣವೂ ಹೋಗುತ್ತದೆ ಎಂದು ಹಚ್ಚೆಯವನು ಎಚ್ಚರಿಸಿದ್ದ. ಇದನ್ನು ನಾನು ಮನೆಯಲ್ಲಿ ಹೇಳಿದ್ದೇ ತಡ, ಅಮ್ಮ ತೆಂಗಿನ ನಾರು, ಸೀಗೆಪುಡಿ ಹಿಡಿದು ಬಂದಳು.

"ಶುಕ್ರವಾರ ಹೆಣ್ಣು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಇದು ಹೋಗ್ಬೇಕು. ಕೈ ಕೊಡು."

ನಾನು ಕೊಡಲಿಲ್ಲ. ಜಗಲಿಯಲ್ಲಿದ್ದ ಅಜ್ಜಿ ಎದ್ದು ಬಂದು ನನ್ನ ತೋಳನ್ನೇ ನೋಡಿದಳು.

"ಯಾರ ಹೆಸರೇ ಅದು?"

"ನಂದೇ, ಅಜ್ಜಿ."

"ಮರ್ತೋಯ್ತದೆ ಅಂತ ಬರೆಸ್ಕೊಂಡ್ಯಾ?"

"ನಿನ್ನ ತೋಳ ಮೇಲಿರೋದು ಯಾರ್ದು?"

ಅಜ್ಜಿ ನಾಚಿಕೊಂಡಳು. ಗಂಡನ ಹೆಸರನ್ನು ಅವಳು ಇವತ್ತಿಗೂ ಬಾಯಲ್ಲಿ ಹೇಳುವುದಿಲ್ಲ. "ಅವರ್ದೇ ಕಣವ್ವ" ಎಂದಳು. ಬಾಯಿಗೆ ಬರಬಾರದ ಹೆಸರು ಚರ್ಮದ ಮೇಲೆ ಹೇಗೆ ಬಂತು ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಸ್ವಲ್ಪ ಹೊತ್ತು ತನ್ನ ಹಸಿರು ಅಕ್ಷರಗಳನ್ನು ಸವರಿದ ಅಜ್ಜಿ ಇನ್ನೊಂದು ತೋಳು ಚಾಚಿದಳು. "ಇದು ಖಾಲಿ ಐತಲ್ಲ. ನಂದೂ ಬರೀತಾನಾ ಅವನು?"

"ನಿಮಗ್ಯಾಕತ್ತೆ, ಈ ವಯಸ್ಸಲ್ಲಿ?" ಎಂದಳು ಅಮ್ಮ.

"ನನ್ನನ್ನ ಯಾರೂ ನೋಡೋಕೆ ಬರಲ್ಲ ಬಿಡವ್ವ."

ಅಮ್ಮ ನಾರನ್ನು ಬಚ್ಚಲಿಗೆ ಎಸೆದು ಒಳಗೆ ಹೋದಳು. ಅಜ್ಜಿಗೆ ಸೂಜಿಯ ಭಯವಿಲ್ಲ, ಸೊಸೆಯದು ಸ್ವಲ್ಪ ಇದೆ. ಧೈರ್ಯಕ್ಕೆ ಜೊತೆಯಾಗುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅರಸೀಕೆರೆ ಬಸ್ ನಿಲ್ದಾಣಕ್ಕೆ ಬನ್ನಿ.