ಬಾಗಿಲು ಹಾಕುವ ಮುಂಚಿನ ಕೂಗು

ನಮ್ಮ ಸೌಕಾರ್‌ಪೇಟೆ ಬ್ಯಾಂಕ್ ಶಾಖೆಯನ್ನು ತಮಿಳರ ಊರಿನಲ್ಲಿ ತೆರೆದದ್ದೇ ಕನ್ನಡ ಕರಾವಳಿಯ ಹೋಟೆಲಿನವರಿಗಾಗಿ. ಆಗ ಸಿಬ್ಬಂದಿಯೂ ಆ ಕಡೆಯವರೇ, ಗಿರಾಕಿಗಳೂ ಆ ಕಡೆಯವರೇ. ಕಾಲಕ್ರಮೇಣ ಹೋಟೆಲಿನವರು ಬೇರೆ ಬಡಾವಣೆಗಳಿಗೆ ಹೋದರು. ಬ್ಯಾಂಕನ್ನು ಇನ್ನೊಂದರ ಜೊತೆ ಸೇರಿಸಿದರು, ಬೋರ್ಡೂ ಬದಲಾಯಿತು. ಬದಲಾಗದೆ ಉಳಿದದ್ದು ಎರಡು. ಲಕ್ಷ್ಮಿಯ ಪಟವಿದೆಯೆಂದು, ಲಾಕರುಗಳಿರುವ ಸ್ಟ್ರಾಂಗ್‌ರೂಮಿನ ಹೊರಗೇ ಚಪ್ಪಲಿ ಬಿಡುವುದು ಒಂದು. ಸಂಜೆ ಅದರ ಉಕ್ಕಿನ ಬಾಗಿಲು ಹಾಕುವ ಮುಂಚೆ ಹೆಡ್ ಕ್ಯಾಷಿಯರ್ ಕೂಗುವುದು ಇನ್ನೊಂದು.

“ಒಳಗೆ ಯಾರಾದ್ರೂ ಇದ್ದೀರಾ ಮಾರಾಯ್ರೇ?”

ನಾನು ಅಲ್ಲಿಗೆ ಆಫೀಸರ್ ಆಗಿ ಹೋದಾಗ ಹೆಡ್ ಕ್ಯಾಷಿಯರ್ ಆಗಿದ್ದವರು ಉಡುಪಿ ಕಡೆಯವರು. ಗಂಟಲು ಅಂದರೆ ಗಂಟಲು! “ಸಾರ್, ಒಳಗಿರೋ ಜಿರಲೆಗಳೂ ಎದ್ದು ಬರ್ತವೆ” ಎಂದು ಮೈಸೂರಿನವಳಾದ ನಾನು ಚುಡಾಯಿಸುತ್ತಿದ್ದೆ. “ಬರ್ಲಿ ಬಿಡಿ, ಅವೂ ನಮ್ಮ ಕಸ್ಟಮರೇ” ಎನ್ನುತ್ತಿದ್ದರು. ಆಮೇಲೆ ಬಾಗಿಲು ಹಾಕಿ, ಒಂದು ಕೀಲಿ ಅವರು, ಇನ್ನೊಂದು ನಾನು ತೆಗೆದುಕೊಂಡು ಹೊರಡುತ್ತಿದ್ದೆವು. ಎರಡೂ ಕೂಡದೆ ಆ ಬಾಗಿಲು ತೆರೆಯದು.

ಆ ಶುಕ್ರವಾರವೂ ಅವರು ಕೂಗಿದರು. ಯಾರೂ ಓಗೊಡಲಿಲ್ಲ. ದೀಪ ಆರಿಸಿ, ಬಾಗಿಲು ಹಾಕಿ, ಅವರು ತಾಂಬರಂ ರೈಲಿಗೆ ಓಡಿದರು. ನಾನು ಮೇಜು ಒತ್ತರಿಸಿಟ್ಟು ಚಪ್ಪಲಿ ಮೆಟ್ಟಲು ಹೋದರೆ ಪಕ್ಕದಲ್ಲಿ ಇನ್ನೊಂದು ಜೊತೆ. ಸಕ್ಕರೆ ಕಾಯಿಲೆಯವರು ಹಾಕುವಂಥ ದಪ್ಪ, ಮೆತ್ತನೆಯ ಚಪ್ಪಲಿ. ಮಧ್ಯಾಹ್ನ ಲಾಕರಿಗೆಂದು ಬಂದ ತಮಿಳು ಅಜ್ಜಿಯದು.

“ಮೇಡಂ, ಅಂದ ಪಾಟ್ಟಿ ವೆಳಿಯೇ ಪೋಗಲಯೇ” ಎಂದ ಸೆಕ್ಯೂರಿಟಿ. ಆ ಅಜ್ಜಿ ಹೊರಗೆ ಹೋದದ್ದನ್ನು ಅವನು ನೋಡಿಯೇ ಇಲ್ಲ!

ಬಾಗಿಲಿಗೆ ಬಡಿದೆ. ಹಿಂದಿನ ಕೋಣೆಯಲ್ಲಿ ಸ್ಟೂಲ್ ಹತ್ತಿ, ಗೋಡೆಯ ಮೇಲಿದ್ದ ಅಂಗೈಯಗಲದ ಗಾಳಿಕಿಂಡಿಗೆ ಬಾಯಿಟ್ಟು, “ಅಜ್ಜೀ, ಒಳಗಿದ್ದೀರಾ?” ಎಂದು ಕಿರುಚಿದೆ. ಸದ್ದಿಲ್ಲ. ಸೆಕ್ಯೂರಿಟಿ ನನ್ನನ್ನು ಇಳಿಸಿ ತಾನು ಹತ್ತಿ, “ಪಾಟ್ಟೀ!” ಎಂದು ಕೂಗಿದ. ತೆಳ್ಳನೆಯ ದನಿ ಬಂತು. “ಮಯಕ್ಕಮಾ ಇರುಕ್ಕುಪ್ಪಾ.” ತಲೆ ಸುತ್ತುತ್ತಿದೆಯಂತೆ.

ಹೆಡ್ ಕ್ಯಾಷಿಯರ್ ಫೋನ್ ಎತ್ತುತ್ತಿಲ್ಲ. ರೈಲಿನಲ್ಲಿ ಜೇಬುಗಳ್ಳರ ಹೆದರಿಕೆಗೆ ಫೋನನ್ನು ಊಟದ ಡಬ್ಬಿಯ ಚೀಲದ ತಳದಲ್ಲಿಡುವ ಮಹಾನುಭಾವ! ಬದಲಿ ಕೀಲಿಯಿರುವುದು ಬೇರೆ ಶಾಖೆಯಲ್ಲಿ, ಅದಕ್ಕೂ ಆಗಲೇ ಬೀಗ. ಅವರ ನಂಬರನ್ನೇ ಮತ್ತೆ ಮತ್ತೆ ಒತ್ತಿದೆ. ಕಡೆಗೂ ಎತ್ತಿದರು.

“ಎಂತಾಯ್ತು ಮೇಡಂ?”

“ಲಾಕರಿನ ಅಜ್ಜಿ ಒಳಗೇ ಉಳಿದುಬಿಟ್ಟಿದ್ದಾರೆ ಸಾರ್!”

“ಅಯ್ಯೋ ದೇವರೇ! ನಾನು ಕೂಗಿದ್ನಲ್ಲ? ನೀವೂ ಕೇಳಿದ್ರಲ್ಲ?”

“ಕೂಗಿದ ಮಾತು ಆಮೇಲೆ. ಮೊದಲು ಬನ್ನಿ!”

ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ರೈಲು ಹಿಡಿದರಂತೆ. ಅಲ್ಲಿಯತನಕ ಅಜ್ಜಿ ಕಣ್ಣು ಮುಚ್ಚಬಾರದು. ನನ್ನ ಹರಕುಮುರುಕು ತಮಿಳಿನಲ್ಲಿ ಬಾಯಿಗೆ ಬಂದದ್ದೆಲ್ಲ ಕೇಳಿದೆ. ಮಗಳು ಎಲ್ಲಿ? ಪೆರಂಬೂರಿನಲ್ಲಿ. ಇವತ್ತೇನು ಅಡುಗೆ? ವತ್ತಕುಳಂಬು. ಉತ್ತರಗಳ ನಡುವೆ ಬಿಡುವು ಹೆಚ್ಚುತ್ತ ಹೋಯಿತು. ಕಿಂಡಿಯಾಚೆ ಕಗ್ಗತ್ತಲು. ಕಡೆಯ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ನಾನು ಅಳುತ್ತಲೇ ಅದನ್ನು ಮತ್ತೆ ಕೇಳಿದೆ.

ಹೆಡ್ ಕ್ಯಾಷಿಯರ್ ಬಂದಾಗ ಅಂಗಿ ಹಿಂಡುವಷ್ಟು ಬೆವರಿದ್ದರು. ಆತುರಕ್ಕೆ ಕೀಲಿ ತೂತಿಗೆ ಹೋಗುತ್ತಿಲ್ಲ. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಎರಡೂ ಕೀಲಿ ತಿರುಗಿದವು.

ಕೊನೆಯ ಸಾಲಿನ ಲಾಕರುಗಳಿಗೆ ಒರಗಿ ಅಜ್ಜಿ ನೆಲದ ಮೇಲೆ ಕೂತಿದ್ದರು. ಮೈ ತಣ್ಣಗೆ, ಕಣ್ಣು ಅರೆತೆರೆದು. ರಕ್ತದಲ್ಲಿ ಸಕ್ಕರೆ ಇಳಿದಿರಬೇಕೆಂದು ಲಕ್ಷ್ಮಿಯ ಮುಂದಿದ್ದ ಕಲ್ಲುಸಕ್ಕರೆಯನ್ನು ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆ. ನಿಧಾನವಾಗಿ ಕಣ್ಣು ಬಿಟ್ಟು ನನ್ನ ಕೈ ಹಿಡಿದರು. ಸೆಕ್ಯೂರಿಟಿ ಆಟೋ ಕರೆಯಲು ಓಡಿದ.

ಹೆಡ್ ಕ್ಯಾಷಿಯರ್ ಅಜ್ಜಿಯ ಮುಂದೆ ಕುಕ್ಕರಿಸಿ ಕೈ ಮುಗಿದರು. ಅತ್ತೂ ಅತ್ತೂ ತಮಿಳಿನಲ್ಲಿ ಕೇಳಿದರು. “ನಾನು ಅಷ್ಟು ಜೋರಾಗಿ ಕೂಗಿದೆನಲ್ಲಮ್ಮಾ, ನಿಮಗೆ ಕೇಳಿಸಲಿಲ್ಲವಾ?”

“ಕೇಳಿಸ್ತಪ್ಪಾ” ಎಂದರು ಅಜ್ಜಿ, ತಮ್ಮ ತಮಿಳಿನಲ್ಲೇ. “ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಕೇಳ್ತಾನೇ ಇದ್ದೀನಿ. ನಿಮ್ಮ ಭಾಷೇಲಿ ಏನೋ ನಿಮ್ಮನಿಮ್ಮೊಳಗಿನ ಮಾತು ಅಂದ್ಕೊಂಡಿದ್ದೆ.” ಮತ್ತೊಂದು ಗುಟುಕು ಕುಡಿದು ನಮ್ಮಿಬ್ಬರ ಮುಖ ನೋಡಿದರು.

“ನನ್ನನ್ನೇ ಕೇಳ್ತಿದ್ರಾ?”