ಕಾಟಾದ ಮೇಲೆ ಆಸ್ಟ್ರೇಲಿಯಾ

ಬಸ್ಸಿನ ಬೋರ್ಡನ್ನು ನಾನು ನಂಬುವುದಿಲ್ಲ. ಹಾನಗಲ್ಲ ಬಸ್ ಸ್ಟ್ಯಾಂಡಿನಲ್ಲಿ ಕಣ್ಣೆದುರಿಗೇ ‘ತಿಳವಳ್ಳಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನನ್ನು ಒಂದು ಮಾತು ಕೇಳುತ್ತೇನೆ. ಅವನು ಹೌದೆಂದ ಮೇಲೆ, ಅವನಿಗೆ ಕೇಳಿಸದಂತೆ, ಕಿಟಕಿಯ ಪಕ್ಕ ಕೂತ ಅಜ್ಜಿಯನ್ನೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನಿಗೆ ತಿಳವಳ್ಳಿಯ ದಾರಿ ಗೊತ್ತಿಲ್ಲವೆಂದಲ್ಲ. ನನ್ನ ಅನುಮಾನವಿರುವುದು ದಾರಿಯ ಮೇಲಲ್ಲ, ಬಸ್ಸಿನ ಮೇಲೆ. ಇಂಥ ಮನುಷ್ಯನನ್ನು ನಾಲ್ಕೇ ಸೀಟಿನ ವಿಮಾನದಲ್ಲಿ ಒಂದು ಖಂಡ ದಾಟಲು ಕರೆದರೆ ಅವನ ಗತಿ ಏನಾಗಬೇಡ, ನೀವೇ ಹೇಳಿ.

ಕರೆದವಳು ಶಬಾನಾ. ನನ್ನ ಹಳೆಯ ಗೆಳೆಯ ಗಫಾರನ ಮಗಳು. ನಾನು ಸವಣೂರಿನಲ್ಲಿ ಮಾಸ್ತರನಾಗಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ನಕಾಶೆ ಬರೆದವಳು. ದನದ ಡಾಕ್ಟರಿಕೆ ಓದಿ ಈಗ ಆಸ್ಟ್ರೇಲಿಯಾದಲ್ಲಿದ್ದಾಳೆ. ಅಲ್ಲಿ ಒಬ್ಬರ ದನ ನೋಡಿ ಇನ್ನೊಬ್ಬರ ದನ ನೋಡಲು ಹೋಗುವುದೆಂದರೆ ನಮ್ಮೂರಿನಿಂದ ಪುಣೆಗೆ ಹೋದ ಹಾಗಂತೆ. ಅದಕ್ಕೆಂದೇ ವಿಮಾನ ನಡೆಸಲು ಕಲಿತು, ಇನ್ನಿಬ್ಬರು ಡಾಕ್ಟರರ ಜೊತೆ ಸೇರಿ ಒಂದು ಹಳೆಯ ಪುಟ್ಟ ವಿಮಾನ ಇಟ್ಟುಕೊಂಡಿದ್ದಾಳೆ. “ಸರ್, ನೀವೂ ಅಬ್ಬಾನೂ ಬರ್ರಿ. ತೆಂಕಣ ಸಮುದ್ರದಿಂದ ಬಡಗಣ ಸಮುದ್ರದ ತನಕ ಹೋಗೂಣು. ಅವಸರ ಏನಿಲ್ಲ, ಹತ್ತು ದಿನ ಅಡ್ಡಾಡಿಕೋಂತ,” ಎಂದಳು ಫೋನಿನಲ್ಲಿ. ಅವಳ ತಾಯಿಗೆ ಮಾಳಿಗೆಯ ಮೆಟ್ಟಿಲು ಹತ್ತಿದರೂ ತಲೆ ತಿರುಗುತ್ತದೆ, ಆ ಮಾತು ಅಲ್ಲಿಗೇ ಮುಗಿಯಿತು. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಅದರಾಗ ಕಕ್ಕಸ ಐತೇನ್ರಿ?” ಇಲ್ಲವೆಂದು ತಿಳಿದ ಮೇಲೆ ಅವಳೂ ಕೈಬಿಟ್ಟಳು.

ನಾನು ಅಷ್ಟು ಸುಲಭಕ್ಕೆ ಬಿಡುವವನಲ್ಲ. ಅನುಮಾನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಂಜಿನ್ನು ಒಂದೇ ಯಾಕೆ? “ನಿಮ್ಮ ಬಸ್ಸಿಗೆ ಎಷ್ಟದಾವ್ರಿ ಸರ್?” ಎಂದಳು ಶಬಾನಾ. ಬಸ್ಸು ಕೆಟ್ಟರೆ ನೆಲದ ಮೇಲೆ ನಿಲ್ಲುತ್ತದೆ ಎಂದೆ. ಇದೂ ಗಾಳಿಯಲ್ಲಿ ತೇಲುತ್ತ ಮೆಲ್ಲಗೆ ನೆಲಕ್ಕೇ ಬರುತ್ತದೆ, ಆ ದೇಶದಲ್ಲಿ ಇಳಿಯಲು ಬಯಲಿಗೇನೂ ಬರವಿಲ್ಲ ಎಂದಳು. ಕೆಲವು ಕಡೆ ಇಳಿಯುವ ಜಾಗದಲ್ಲಿ ದನ ಮಲಗಿರುತ್ತವೆ, ಒಂದು ಸುತ್ತು ತಗ್ಗಿನಲ್ಲಿ ಹಾರಿ ಎಬ್ಬಿಸಬೇಕು ಎಂದೂ ಸೇರಿಸಿದಳು. ಇದೊಂದು ಮಾತ್ರ ನನಗೆ ಸಮಾಧಾನ ಕೊಟ್ಟಿತು. ರಸ್ತೆಯಲ್ಲಿ ದನ ಮಲಗುವ ದೇಶ ಪೂರ್ತಿ ಪರದೇಶವಾಗಲಾರದು.

ಅನುಮಾನವನ್ನು ಬರಿ ದುರ್ಗುಣವೆಂದು ತಿಳಿಯಬೇಡಿ. ನಮ್ಮ ಹಿರೇಕೆರೂರ ಕಡೆ ಹೋದರೆ ಅಬಲೂರಿನ ಗುಡಿಯಲ್ಲಿ ಹಳೆಯ ಶಾಸನಗಳಿವೆ. ಅವನ್ನು ನೋಡಿದಾಗಲೆಲ್ಲ ನನಗೆ ಆ ಕಾಲದ ದಾನಿಗಳ ನೆನಪಾಗುತ್ತದೆ. ಭೂಮಿ ಕೊಡುವರು, ನಾಲ್ಕೂ ದಿಕ್ಕಿನ ಗಡಿ ಹೇಳುವರು, ಸೂರ್ಯ ಚಂದ್ರರನ್ನು ಸಾಕ್ಷಿಗೆ ಕರೆಯುವರು; ಇಷ್ಟಾದರೂ ಧೈರ್ಯ ಸಾಲದೆ, ಇದನ್ನು ಕಿತ್ತುಕೊಂಡವನಿಗೆ ಗೋವು ಕೊಂದ ಪಾಪ ಬರಲಿ ಎಂದು ಕೊನೆಗೊಂದು ಶಾಪ ಕೆತ್ತಿಸುವರು. ಅವರು ಕಲ್ಲನ್ನೇ ನಂಬಲಿಲ್ಲ. ನಾನು ಬೋರ್ಡನ್ನು ನಂಬದಿದ್ದರೆ ಏನು ತಪ್ಪು?

ಆದರೂ ಹೊರಡಲು ಒಪ್ಪಿದೆ. ಯಾಕೆಂದು ನಿಮಗೊಬ್ಬರಿಗೆ ಹೇಳುತ್ತೇನೆ. ಆಸ್ಟ್ರೇಲಿಯಾದ ನಡುಭಾಗ ಮರುಭೂಮಿ, ಮಣ್ಣು ಕೆಂಪು ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದೇನೆ. ತಪ್ಪು ಬರೆದವರಿಗೆ ಅಂಕ ಕಳೆದಿದ್ದೇನೆ. ಹಾಲಿಗೆ ನೀರು ಬೆರೆತಿದೆಯೇ ಎಂದು ದಿನಾ ಬೆರಳದ್ದಿ ನೋಡುವ ನಾನು, ಒಂದು ಇಡೀ ಖಂಡವನ್ನು ಪುಸ್ತಕ ಹೇಳಿತೆಂದು ನಂಬಿ ಕಲಿಸಿಬಿಟ್ಟೆ. ಈ ಅರವತ್ತಾರರಲ್ಲಿ ಅದೊಂದನ್ನು ನನ್ನ ಕಣ್ಣಿನಿಂದ ನೋಡಬೇಕೆಂಬ ಆಸೆ ಹುಟ್ಟಿತು. ಬಹಳ ವರ್ಷಗಳಿಂದ ಯಾವುದನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

ತೊಡಕು ಬಂದದ್ದು ತೂಕದಿಂದ. ಸಣ್ಣ ವಿಮಾನಕ್ಕೆ ಪ್ರಯಾಣಿಕರ ಹೆಸರಿಗಿಂತ ಅವರ ತೂಕ ಮುಖ್ಯವಂತೆ. ಎಣ್ಣೆ, ನೀರು, ಶಬಾನಾ ಎಲ್ಲ ಹೋಗಿ ನಮ್ಮಿಬ್ಬರಿಗೆ ಉಳಿದದ್ದು ನೂರಾ ಐವತ್ತು ಕಿಲೋ. ಗಫಾರನದು ಶಿಗ್ಗಾಂವಿಯಲ್ಲಿ ಗೋವಿನಜೋಳದ ಅಂಗಡಿ. ಅಲ್ಲಿರುವ ಕಾಟಾ ಚೀಲಗಟ್ಟಲೆ ಕಾಳು ತೂಗುವಂಥದ್ದು. ಪ್ರಯಾಣದ ಚೀಲವನ್ನು ಕೈಯಲ್ಲೇ ಹಿಡಿದು ಒಬ್ಬೊಬ್ಬರಾಗಿ ಹತ್ತಿದೆವು. ನಾನು ಕಾಟಾ ಸೊನ್ನೆಯಲ್ಲಿದೆಯೇ ಎಂದು ಮೂರು ಸಲ ನೋಡಿದೆ. ಬಂದ ಅಂಕಿಗಳನ್ನು ಗಫಾರ ಕೂಡಿಸಿದ, ಚೀಲದ ತೂಕ ಕಳೆದ, ನೂರಾ ನಲವತ್ತೊಂಬತ್ತು ಎಂದು ಲೆಕ್ಕದ ಸಮೇತ ಮಗಳಿಗೆ ಬರೆದು ಕಳಿಸಿದ. ನನಗೆ ಕಾಟಾದ ಮೇಲೆ ಅನುಮಾನವಿತ್ತೇ ಹೊರತು ಆ ಕಳೆದ ಲೆಕ್ಕದ ಮೇಲೆ ಇರಲಿಲ್ಲ. ಕಾಳಿನ ಪೇಟೆಯಲ್ಲಿ ಚೀಲದ ತೂಕ ಕಳೆಯುವುದನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಶಬಾನಾ ಮಾಡಿದಳು. “ಅಬ್ಬಾ, ಚೀಲ ಯಾಕ ಕಳದೀರಿ? ಅವನ್ನ ಅಂಗಡ್ಯಾಗ ಬಿಟ್ಟು ಬರೋರೇನು? ಅವೂ ನಮ್ಮ ಜೋಡಿ ಹಾರಬೇಕಲ್ಲ.” ಮರಳಿ ಕೂಡಿಸಿದರೆ ಹನ್ನೊಂದು ಕಿಲೋ ಹೆಚ್ಚು. ನಾನು ಪುಸ್ತಕ ತೆಗೆದೆ, ಗಫಾರ ಒಂದು ಜೊತೆ ಬೂಟು ತೆಗೆದ. ಆದರೂ ಒಂಬತ್ತು ಕಿಲೋ ಉಳಿಯಿತು. ಮೂರು ತಿಂಗಳೊಳಗೆ ತೂಕ ಹೊಂದದಿದ್ದರೆ ಒಬ್ಬೊಬ್ಬರಾಗಿ ಬನ್ನಿ ಎಂದಳು ಹುಡುಗಿ, ಬಹಳ ನಯವಾಗಿ. ಒಬ್ಬೊಬ್ಬರಾಗಿ ಎಂದರೆ ಮೊದಲು ತಂದೆ ಎಂದೇ ಅರ್ಥ. ಎರಡನೆಯವನ ಸರದಿ ಎಂದೂ ಬರುವುದಿಲ್ಲವೆಂದು ನನಗೆ ಆಗಲೇ ತಿಳಿಯಿತು.

ಅಂದಿನಿಂದ ಗಫಾರ ಬೇರೆಯೇ ಆದ. ಪ್ರತಿ ಗುರುವಾರ ನಾನು ಬಂಕಾಪುರದ ಮೇಲೆ ಶಿಗ್ಗಾಂವಿಗೆ ಹೋಗುವುದು, ಇಬ್ಬರೂ ಕೂತು ಗಿರ್ಮಿಟ್ಟು, ಮಿರ್ಚಿ ಭಜಿ ತಿಂದು ಚಾ ಕುಡಿಯುವುದು ಇಪ್ಪತ್ತು ವರ್ಷದ ರೂಢಿ. ಈಗ ಹೋದರೆ “ನೀ ತಿನ್ನೋ, ನನಗ ಕೆಲಸ ಐತಿ,” ಎಂದು ಎದ್ದುಬಿಡುತ್ತಿದ್ದ. ಪ್ರವಾಸದ ಮಾತೆತ್ತಿದರೆ “ಆಮ್ಯಾಲ ನೋಡೂಣು ಬಿಡು” ಎನ್ನುತ್ತಿದ್ದ. ಒಂದು ದಿನ ಹೇಳದೆ ಹೋದೆ. ಹಿರೇಕೆರೂರಿನ ಅವನ ಮೈದುನ ಮೆಹಬೂಬ ಕಾಟಾದ ಮೇಲೆ ನಿಂತಿದ್ದ! ಮೆಹಬೂಬ ಕಡ್ಡಿಪೈಲವಾನ, ಕೈಯಲ್ಲಿ ಚೀಲ ಹಿಡಿದರೂ ಐವತ್ತೈದು ದಾಟುವವನಲ್ಲ. ನನ್ನನ್ನು ಕಂಡದ್ದೇ ಅವನು ಕೆಳಗಿಳಿದ, ಗಫಾರ ಅಂಕಿ ಬರೆದ ಚೀಟಿಯನ್ನು ಜೇಬಿಗೆ ಸೇರಿಸಿದ.

ನನಗೆಲ್ಲ ಬಯಲಾಯಿತು. ನನ್ನ ಎಪ್ಪತ್ಮೂರು ಕಿಲೋ ಇಳಿಸಿ ಮೆಹಬೂಬನನ್ನು ಹತ್ತಿಸುವ ಹಂಚಿಕೆ. ಮನೆಗೆ ಬಂದವನೇ ಶಬಾನಾಗೆ ಉದ್ದನೆಯ ಸಂದೇಶ ಬರೆದೆ. ನಿನ್ನ ತಂದೆ ನನ್ನ ಸೀಟು ಬೇರೆಯವರಿಗೆ ಕೊಡಲು ಹೊಂಚಿದ್ದಾನೆ, ನಲವತ್ತೈದು ವರ್ಷದ ಗೆಳೆತನಕ್ಕೆ ಇದೇ ಬೆಲೆಯೇ ಎಂದೆಲ್ಲ. ಓದಿ ನೋಡಿದೆ, ಎಲ್ಲೂ ಕಾಗುಣಿತದ ತಪ್ಪಿರಲಿಲ್ಲ. ಕಳಿಸಿದೆ. ಹಾನಗಲ್ಲ ಬಸ್ ಸ್ಟ್ಯಾಂಡಿನ ಮಿರ್ಚಿಯನ್ನೇ ಎರಡೆರಡು ಪ್ಲೇಟು ತಿಂದು ಆ ವಾರ ದುಃಖ ಕಳೆದೆ.

ಶಬಾನಾ ಬರೆಯಲಿಲ್ಲ, ಫೋನು ಮಾಡಿದಳು. “ಸರ್, ಅಬ್ಬಾ ಎರಡು ತಿಂಗಳಿಂದ ಸಂಜೀ ಊಟ ಬಿಟ್ಟಾರ್ರಿ. ಏಳು ಕಿಲೋ ಇಳದಾರ. ನಿಮಗ ಹೇಳಬ್ಯಾಡ ಅಂದಿದ್ರು. ಮಾಸ್ತರಗ ಸಕ್ರಿ ಬ್ಯಾನಿ ಐತಿ, ಅಂವಾ ಉಪವಾಸ ಮಾಡೂದು ಬ್ಯಾಡ, ಒಂಬತ್ತೂ ನಾನ ಇಳಸ್ತೇನಿ, ನನಗ ರೋಜಾ ಹಿಡದು ರೂಢಿ ಐತಿ ಅಂದ್ರು.”

ನಾಚಿಕೆ ಎಂಬ ಪದವನ್ನು ಎಷ್ಟೋ ಹುಡುಗರಿಗೆ ಬಳಸಿದ್ದೇನೆ. ಅದರ ಅರ್ಥ ಆ ದಿನ ಗೊತ್ತಾಯಿತು. ಎದುರಿಗೆ ಕೂತವನ ಅಂಗಿ ಸಡಿಲಾದದ್ದು ನನಗೆ ಕಂಡಿರಲಿಲ್ಲ. ಹಾಲಿನಲ್ಲಿ ನೀರು ಹುಡುಕುವ ಕಣ್ಣು ಇದು.

ಮರುದಿನವೇ ಶಿಗ್ಗಾಂವಿಗೆ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಂಗಡಿಯ ಮೆಟ್ಟಿಲಲ್ಲೇ ಉದುರಿಹೋದವು. “ಗಫಾರ, ನಾನೊಂದು ತಪ್ಪು ಮಾಡೇನಿ,” ಎಂದೆ.

“ಗೊತ್ತೈತಿ, ಮಗಳು ಓದಿ ಹೇಳ್ಯಾಳ,” ಎಂದ ಅವನು ನಗುತ್ತ. “ಮೆಹಬೂಬನ್ನ ಕಾಟಾ ಖರೆ ಹೇಳತೈತೋ ಇಲ್ಲೋ ನೋಡಾಕ ನಿಂದ್ರಿಸಿದ್ನಿ. ಅಂವಾ ಹುಟ್ಟಿದಾಗಿಂದ ಒಂದ ತೂಕ! ಎರಡು ತಿಂಗಳಾತು, ಮಾಸ್ತರ ಇನ್ನೂ ಅನುಮಾನ ಪಡವಲ್ಲ, ಮೈಯಾಗ ಆರಾಮ ಐತೋ ಇಲ್ಲೋ ಅಂತ ನಾನ ಚಿಂತಿ ಮಾಡಾಕತ್ತಿದ್ನಿ.”

ಹಾಗೆಂದವನು ಕಾಟಾ ಹತ್ತಿ ನಿಂತ. “ಬಗ್ಗಿ ನೋಡ್ಕೋ ಮತ್ತ, ಆಮ್ಯಾಲ ತಕರಾರು ಬ್ಯಾಡ.”

ನಾನು ಬಗ್ಗಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದೆ. ಗಲ್ಲ ಒಳಗಿಳಿದು ಕಾಲೇಜಿನ ದಿನಗಳ ಹುಡುಗ ಅಲ್ಲಲ್ಲಿ ಇಣುಕುತ್ತಿದ್ದ. ಅಂಕಿ ಎಷ್ಟೆಂದು ಅವನೇ ಓದಿ ಹೇಳಿದ, ಅವನು ಹೇಳಿದಷ್ಟನ್ನೇ ನಾನು ಬರೆದುಕೊಂಡೆ.

ಆಮೇಲೆ ನಾನು ಹತ್ತಿದೆ. ಗಫಾರ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ, ಒರೆಸಿಕೊಂಡು ಮತ್ತೊಮ್ಮೆ ನೋಡಿದ. ನನ್ನ ತೂಕ ಎರಡು ಕಿಲೋ ಏರಿತ್ತು.

“ಇರಲಿ ಬಿಡು,” ಎಂದ ಅವನು, “ಇನ್ನೂ ಒಂದು ತಿಂಗಳು ಐತಿ, ಅದನ್ನೂ ನಾನ ಇಳಸ್ತೇನಿ.”

“ಬ್ಯಾಡೋ ಮಾರಾಯ,” ಎಂದೆ, “ಈ ಎರಡು ಕಿಲೋ ಬರೀ ಅನುಮಾನದ್ದು. ನಾನ ಇಳಸಬೇಕು.”