ಕಸ್ಮಿನಾಳ ಎಡಗತ್ತಿನ ನಾಳ

ಲಾಸೆಮ್ ಊರಿನ ನಮ್ಮ ಬಟಿಕ್ ಕಾರ್ಖಾನೆಯಲ್ಲಿ ಕಸ್ಮಿನಾ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಮೇಣದಲ್ಲಿ ಬೆರಕೆಯಿದೆಯೇ ಎಂದು ಮೂಸುವಳು. ಗಂಡ ಬದುಕಿದ್ದಾಗ ಅವನು ಮಸೀದಿಯಿಂದ ತಡವಾಗಿ ಬಂದರೆ ಅದಕ್ಕೂ ಸಾಕ್ಷಿ ಕೇಳಿದವಳು. ಅವಳ ಪಕ್ಕದ ಮಣೆಯಲ್ಲಿ ನಲವತ್ತು ವರ್ಷ ಕೂತು, ಬಟ್ಟೆಯ ಮೇಲೆ, ಬಣ್ಣ ಹತ್ತಬಾರದ ಕಡೆ, ಬಿಸಿ ಮೇಣದ ಗೆರೆ ಎಳೆದವಳು ನಾನು. ನನ್ನನ್ನೂ ಅವಳು ಪೂರ್ತಿ ನಂಬಿದ್ದಳೆಂದು ಹೇಳಲಾರೆ.

ಅರವತ್ತೊಂದನೆಯ ವಯಸ್ಸಿನಲ್ಲಿ ಅವಳ ಬಲಗೈ ಬೆರಳುಗಳಿಗೆ ಜೋಮು ಹಿಡಿಯಿತು. ಗೆರೆ ನಡುಗಿ, ಮೇಣ ತೊಟ್ಟಿಕ್ಕಿ ಬಟ್ಟೆ ಕೆಡತೊಡಗಿತು. ಆಮೇಲೆ ನಡೆಯುವಾಗ ಕಾಲೂ ತೊಡರತೊಡಗಿತು. ಮಗಳು ವಿಜಿ ಅವಳನ್ನು ಸೆಮಾರಾಂಗ್ ನಗರದ ಆಸ್ಪತ್ರೆಗೆ ಸೇರಿಸಿದಳು. ಜೊತೆಗೆ ನಾನೂ ಹೋದೆ. ಕತ್ತಿನ ಮೂಳೆ ಸವೆದು ಬೆನ್ನುಹುರಿಯನ್ನು ಒತ್ತುತ್ತಿದೆ, ನಾಳೆ ಮುಂದಿನಿಂದ ಕೊಯ್ದು ಒಂದು ಮೂಳೆ ತೆಗೆಯಬೇಕು ಎಂದರು ಡಾಕ್ಟರ್ ಹೆಂದಾರ್ತೊ.

"ಬೆನ್ನುಮೂಳೆ ಹಿಂದೆ ಇರೋದು, ಇವ್ರು ಮುಂದ್ಗಡೆಯಿಂದ ಕುಯ್ತಾರಂತೆ," ಎಂದು ಕಸ್ಮಿನಾ ನನ್ನ ಕಿವಿಯಲ್ಲಿ ಹೇಳಿದಳು. "ಇದ್ರಲ್ಲೇನೋ ಇದೆ."

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. "ನೋಡಿ ಅಮ್ಮ, ಮೂಳೆಯ ಎರಡೂ ಪಕ್ಕ ತೂತಿದೆ. ಮಿದುಳಿಗೆ ರಕ್ತ ಒಯ್ಯೋ ನಾಳ ಅದರಲ್ಲಿ ಹೋಗುತ್ತೆ. ನಮ್ಮ ಕೆಲ್ಸ ನಡುವೆ ಮಾತ್ರ, ಅದರ ತಂಟೆಗೆ ಹೋಗಲ್ಲ."

"ಇದು ಯಾರ ಕತ್ತು?"

"ಎಲ್ಲರದೂ ಹೆಚ್ಚುಕಮ್ಮಿ ಹೀಗೇ ಇರುತ್ತೆ."

"ನಂದು ತೋರ್ಸಿ."

ವಿಜಿ ತಾಯಿಯ ತೋಳು ಜಿಗುಟಿದಳು. ಡಾಕ್ಟರು ಪರದೆಯನ್ನು ನಮ್ಮತ್ತ ತಿರುಗಿಸಿ ಸ್ಕ್ಯಾನಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಎಡಬಲ ಒಂದೇ ಸಮನಾಗಿ ಹೂಬಳ್ಳಿ ಬರೆಯುತ್ತ ಕಣ್ಣು ಸವೆಸಿದವಳು ಕಸ್ಮಿನಾ. ಪರದೆಗೆ ಮೂಗು ತಾಗುವಷ್ಟು ಬಾಗಿದಳು.

"ಎರಡು ಕಡೆ ಒಂದೇ ಥರ ಇಲ್ವಲ್ಲ. ಇಲ್ಲಿ ಕಪ್ಪು ಚುಕ್ಕೆ ಒಳಗೆ ಬಂದಿದೆ."

ಡಾಕ್ಟರು ತಾವೂ ಪರದೆಯತ್ತ ಬಾಗಿದರು. ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಕೊನೆಗೆ, ನಾಳೆ ಆಪರೇಷನ್ ಬೇಡ, ರಕ್ತನಾಳದ್ದೇ ಇನ್ನೊಂದು ಸ್ಕ್ಯಾನ್ ಆಗಲಿ ಎಂದರು.

ಅವಳ ಅನುಮಾನ ಇಮ್ಮಡಿಯಾಯಿತು. "ನನ್ನ ಕತ್ತಲ್ಲಿ ಅದೇನು ಕಂಡು ಮುಚ್ಚಿಡ್ತಿದಾರೆ?" ಎಂದವಳು ಊಟದ ತಟ್ಟೆಯನ್ನೂ ದೂರ ತಳ್ಳಿದಳು.

"ಅನ್ನದ ಮೇಲೂ ಅನುಮಾನ ಬಂತಾ?" ಎಂದಳು ವಿಜಿ.

"ನೀನೂ ಅವ್ರ ಕಡೆಯವಳೇ."

ಮಾರನೆಯ ಸಂಜೆ ಡಾಕ್ಟರು ಬಂದು ಅವಳ ಮಂಚದ ಪಕ್ಕದಲ್ಲೇ ಕೂತರು. "ನೀವು ಕಂಡ ಕಪ್ಪು ಚುಕ್ಕೆ ನಿಮ್ಮ ಎಡಗಡೆ ನಾಳ. ಅದು ಸುತ್ತಿ ಬಳಸಿ, ಮೂಳೆಯನ್ನೇ ಸವೆಸಿ ನಡುವಿಗೆ ಬಂದಿದೆ. ಕೆಲವರಿಗೆ ಹಾಗಿರುತ್ತೆ. ವರದೀಲಿ ಬರೆದಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಅಂದ್ಕೊಂಡ ಹಾಗೆ ಕೊರೆದಿದ್ರೆ ನಾಳ ಹರಿದು ಜೀವಕ್ಕೇ ಅಪಾಯ ಆಗ್ತಿತ್ತು. ಈಗ ಹಿಂದ್ಗಡೆಯಿಂದ ಮಾಡ್ತೀನಿ."

"ಬೆನ್ನುಮೂಳೆ ಹಿಂದೆ ಇದೆ ಅಂತ ನಾನು ಮೊದ್ಲೇ ಹೇಳಿದ್ದೆ," ಎಂದಳು. ಆಮೇಲೆ ಅವರನ್ನೇ ದಿಟ್ಟಿಸಿದಳು. "ತಪ್ಪು ಒಪ್ಕೊಂಡ್ರಲ್ಲ, ಯಾಕೆ?"

"ನೀವು ನಂಬಬೇಕಲ್ಲ."

"ನಂಬಲ್ಲ. ಆದ್ರೆ ಕುಯ್ಯಿರಿ."

ಅಂದು ರಾತ್ರಿ ಅವಳು ಗಂಜಿ ಕುಡಿದಳು. ನನ್ನ ಕೈ ಹಿಡಿದುಕೊಂಡೇ ಮಲಗಿದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಕಾಲು ಗಟ್ಟಿಯಾಯಿತು, ಬೆರಳ ಜೋಮು ಅರ್ಧ ಇಳಿಯಿತು. ಸಣ್ಣ ಗೆರೆ ಮಾತ್ರ ಅವಳಿಗೆ ಮತ್ತೆ ಒಲಿಯಲಿಲ್ಲ. ಈಗ ಅಗಲ ಕುಂಚದಿಂದ ಬಟ್ಟೆಯ ಖಾಲಿ ಜಾಗಕ್ಕೆ ಮೇಣ ತುಂಬುತ್ತಾಳೆ. ಮೂರು ತಿಂಗಳ ಮೇಲೆ ತಪಾಸಣೆಗೆ ಹೋದಾಗ, ಆ ಸ್ಕ್ಯಾನನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದೇ ಎಂದು ಡಾಕ್ಟರು ಕೇಳಿದರು. ಚಿತ್ರದ ಮೇಲಿದ್ದ ತನ್ನ ಹೆಸರನ್ನು ಅವರು ಕಣ್ಣೆದುರೇ ಅಳಿಸುವವರೆಗೆ ಅವಳು ಹೂಂ ಅನ್ನಲಿಲ್ಲ.